ಸಕ್ಕರೆ ಸೀಮೆಯ ಯಂತ್ರನಿರ್ವಹಣಾ ತರಬೇತಿ: ಚಿಕ್ಕೋಡಿಯಿಂದ ಕಾಗವಾಡದವರೆಗೆ

ಯಂತ್ರ ಕೆಟ್ಟ ಮೇಲೆ ದುರಸ್ತಿ ಮಾಡುವುದಷ್ಟೇ ಅಲ್ಲದೆ, ಅದು ಕೆಡದಂತೆ ತಪಾಸಣೆ, ಬಿಡಿಭಾಗಗಳ ದಾಸ್ತಾನು, ಕೆಲಸದ ಸರದಿ ಮತ್ತು ದಾಖಲೆಗಳನ್ನು ಮೊದಲೇ ಯೋಜಿಸಿ ನಡೆಸುವ ವಿದ್ಯೆಯನ್ನು ಯಂತ್ರನಿರ್ವಹಣೆ ಎನ್ನುತ್ತಾರೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಇದು ಬೆಳೆದದ್ದು ಮುಖ್ಯವಾಗಿ ಸಕ್ಕರೆ ಕಾರ್ಖಾನೆಗಳ ಆಶ್ರಯದಲ್ಲಿ. ಆನ್‌ಲೈನ್ ತರಬೇತಿ ಅದರ ತೀರ ಈಚಿನ ಘಟ್ಟ.

ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡಕ್ಕೆ ಸೇರಿರುವ ಉಗಾರ ಖುರ್ದದಲ್ಲಿ 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು. ಮುಂದೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಮೊದಲಾದ ಸಹಕಾರಿ ಕಾರ್ಖಾನೆಗಳು ಬಂದವು. ಕಡಿದ ಕಬ್ಬು ನಿಂತಷ್ಟೂ ಸಕ್ಕರೆಯ ಅಂಶ ಇಳಿಯುವುದರಿಂದ ಕಬ್ಬು ನುರಿಸುವ ಹಂಗಾಮಿನಲ್ಲಿ ಮಿಲ್ ಬಂದ್ ಬೀಳುವಂತಿಲ್ಲ. ಆದ್ದರಿಂದ ರೋಲರು, ಬೇರಿಂಗು, ಬಾಯ್ಲರ್ ಕೊಳವೆಗಳನ್ನು ಬಿಚ್ಚಿ ನೋಡುವ ಓವರ್‌ಹಾಲಿಂಗ್ ಕೆಲಸವೆಲ್ಲ ಮಳೆಗಾಲದ ಬಿಡುವಿಗೆ ಬಂದಿತು; ಖಲಾಸಿಯಾಗಿ ಸೇರಿದವನು ಹಿರಿಯ ಫಿಟರನ ಕೈಕೆಳಗೆ ಕಸುಬು ಕಲಿತದ್ದೂ ಆ ತಿಂಗಳುಗಳಲ್ಲಿಯೇ.

1950ರ ಕುಶಲಕರ್ಮಿ ತರಬೇತಿ ಯೋಜನೆಯಿಂದ ಐಟಿಐಗಳು, 1961ರ ಶಿಶಿಕ್ಷು ಕಾಯ್ದೆಯಿಂದ ಕಾರ್ಖಾನೆಯೊಳಗಿನ ಕಲಿಕೆ ವ್ಯವಸ್ಥಿತವಾದವು. ಉನ್ನತ ಶಿಕ್ಷಣಕ್ಕೆ 1936ರಲ್ಲಿ ಆರಂಭವಾದ ಕಾನಪುರದ ಸಕ್ಕರೆ ಸಂಸ್ಥೆ, 1975ರಲ್ಲಿ ಹುಟ್ಟಿದ ಪುಣೆ ಬಳಿಯ ಮಾಂಜರಿಯ ಸಕ್ಕರೆ ಸಂಸ್ಥೆ, ಅನಂತರ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದ್ದವಾದರೂ, ಊರು ಬಿಟ್ಟು ಹೋಗಿ ಕಲಿಯುವ ಅವಕಾಶ ಎಂಜಿನಿಯರಿಗೆ ಒದಗಿದಷ್ಟು ಫಿಟರಿಗೆ ಒದಗುವಂಥದ್ದಾಗಿರಲಿಲ್ಲ.

ಈ ಅಂತರವನ್ನು ಅಂತರ್ಜಾಲ ಸ್ವಲ್ಪಮಟ್ಟಿಗೆ ತಗ್ಗಿಸಿತು. ಐಐಟಿಗಳ ಎನ್‌ಪಿಟಿಇಎಲ್ ಯೋಜನೆ 2014ರಿಂದ ಪ್ರಮಾಣಪತ್ರದ ಪಾಠಗಳನ್ನು ನೀಡತೊಡಗಿತು; 2017ರಲ್ಲಿ ಸ್ವಯಂ, 2019ರಲ್ಲಿ ಐಟಿಐ ಕಸುಬುಗಳಿಗೆಂದೇ ಭಾರತ್ ಸ್ಕಿಲ್ಸ್ ಎಂಬ ಕಲಿಕಾ ಜಾಲತಾಣಗಳು ಬಂದವು. ಯಂತ್ರದ ಕಂಪನವನ್ನು ಅಳೆದು, ಬೇರಿಂಗು ಒಡೆಯುವ ಮುನ್ನವೇ ದೋಷ ಗುರುತಿಸುವ ವಿಧಾನವನ್ನು ಖರಗಪುರದ ಐಐಟಿಯ ಪಾಠಮಾಲೆಯೊಂದು ಕಲಿಸುತ್ತದೆ. 2020ರ ಲಾಕ್‌ಡೌನ್ ಹಂಗಾಮು ಮುಗಿಯುವ ಹೊತ್ತಿಗೇ ಬಂದು ತರಗತಿಗಳನ್ನು ಪರದೆಗೆ ತಂದಿತು.

ಆದರೆ ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ, ಮಿಲ್ಲಿನ ಮಾತು ಕನ್ನಡ–ಮರಾಠಿ. ಈ ತೊಡಕನ್ನು ಪಾಠಗಳ ಯೋಜಕರು ಹಗುರವಾಗಿ ಕಂಡರೆನ್ನಬೇಕು. ಕಸುಬಿನ ತೊಡಕು ಬೇರೆಯೇ ಇದೆ. ಸವೆದ ರೋಲರು ಕಬ್ಬನ್ನು ಹಿಡಿಯದೆ ಜಾರಿದಾಗ, ಅದು ತಿರುಗುತ್ತಿರುವಂತೆಯೇ, ರಸ ಸುರಿಯುತ್ತಿರುವ ಹಲ್ಲುಗಳ ಮೇಲೆ ವೆಲ್ಡರನು ಲೋಹದ ಸಣ್ಣ ಹನಿಗಳನ್ನು ಕೂರಿಸಿ ಒರಟಾಗಿಸುತ್ತಾನೆ. ಆರ್ಸಿಂಗ್ ಎಂಬ ಈ ಕೆಲಸದ ಕಾರಣವನ್ನು ವೀಡಿಯೊ ತಿಳಿಸೀತು, ಕೈಯ ಹದವನ್ನಲ್ಲ. ಯೋಜನೆ, ದಾಖಲೆ, ದೋಷ ವಿಶ್ಲೇಷಣೆಗಳಲ್ಲಿ ಆನ್‌ಲೈನ್ ಕಲಿಕೆ ಹೆಚ್ಚು ಫಲಕಾರಿ. ಬಾಯ್ಲರ್ ನಡೆಸುವವನಿಗೆ ಮಾತ್ರ ಕಾನೂನು ಇಂದಿಗೂ ಬಾಯ್ಲರಿನ ಮುಂದೆ ದುಡಿದ ಅನುಭವವನ್ನೂ ಪರೀಕ್ಷೆಯನ್ನೂ ಕೇಳುತ್ತದೆ.