ಹುಬ್ಬಳ್ಳಿಯಿಂದ ಆಂಟ್‌ವರ್ಪಿಗೆ

1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ನಡೆದ ಒಲಿಂಪಿಕ್ ಕೂಟಕ್ಕೆ ಹಿಂದುಸ್ಥಾನದಿಂದ ತೆರಳಿದ ಓಟಗಾರರು ನಾಲ್ವರು. ಅವರಲ್ಲೊಬ್ಬರು ನಮ್ಮ ಹುಬ್ಬಳ್ಳಿಯ ಕೈಕಾಡಿ. ಮತ್ತೊಬ್ಬರು ಬೆಳಗಾವಿಯ ಫಡೆಪ್ಪ ಚೌಗುಲೆ. ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮ್ಖಾನಾ ಪಂದ್ಯಗಳಲ್ಲಿ ಹಳ್ಳಿಯ ತರುಣರು ಬರಿಗಾಲಿನಲ್ಲಿ ಓಡಿದ ವೇಗವನ್ನು ಕಂಡು ಬೆರಗಾದ ಸರ್ ದೊರಾಬ್ಜಿ ಟಾಟಾ ಅವರೇ ಈ ಸಾಹಸಕ್ಕೆ ಮೂಲಪುರುಷರು. ಕೈಯಿಂದ ಹಣವನ್ನೂ ಕೊಟ್ಟರು.

ಚೌಗುಲೆಯವರು ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್‌ಗಿಂತ 18 ನಿಮಿಷ ಹಿಂದೆ. ಇದನ್ನು ಸೋಲೆನ್ನಲು ನನಗೆ ಮನಸ್ಸಾಗದು. ಕೈಕಾಡಿಯವರಿಗೆ ಪದಕವೂ ಇಲ್ಲ, ಅಷ್ಟು ಕೀರ್ತಿಯೂ ಇಲ್ಲ. ಒಂದು ನಸುಕಿನಲ್ಲಿ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಓಡುತ್ತಿದ್ದ ಹುಡುಗರನ್ನು ನಿಲ್ಲಿಸಿ ಅವರ ವಿಷಯ ಕೇಳಿದೆ. ಅವರು ಹಲವು ಪೈಲವಾನರ ಹೆಸರು ಹೇಳಿದರು; ಕೈಕಾಡಿಯವರ ಹೆಸರನ್ನು ನನ್ನಿಂದಲೇ ಮೊದಲ ಬಾರಿ ಕೇಳಿ, ಎರಡು ಸಲ ಉಚ್ಚರಿಸಿ, ಮತ್ತೆ ಓಡತೊಡಗಿದರು.