ಐಪ್ಪಸಿ ಮಳೆ, ಮದರಾಸಿನ ಕೆರೆ

ನಮ್ಮ ಮಲೆನಾಡಿನಲ್ಲಿ ಮಳೆಗಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್. ಭೂಮಿ ಹುಣ್ಣಿಮೆ ಕಳೆದು ದೀಪಾವಳಿ ಬರುವ ಹೊತ್ತಿಗೆ ಮಳೆ ಹಿಂದಾಗಿರುತ್ತದೆ, ಹಿತ್ತಿಲಲ್ಲಿ ತರಕಾರಿ ಪಾತಿ ಎದ್ದಿರುತ್ತದೆ. ಬ್ಯಾಂಕಿನವರು ಚೆನ್ನೈಗೆ ವರ್ಗ ಮಾಡಿದ ಮೇಲೆ ಈ ಲೆಕ್ಕವೇ ತಿರುಗಿಬಿತ್ತು. ಇಲ್ಲಿ ದೀಪಾವಳಿಗೇ ಮಳೆ ಶುರು. "ಐಪ್ಪಸಿ ಅಡೈ ಮಳೈ" ಅಂತ ತಮಿಳರ ಗಾದೆ. ಐಪ್ಪಸಿ ಅಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನ ತನಕ, ಜಡಿಮಳೆಯ ತಿಂಗಳು.

ಇದಕ್ಕೆ ಕಾರಣ ನಮ್ಮ ಪಶ್ಚಿಮ ಘಟ್ಟವೇ. ನೈಋತ್ಯ ಮಾರುತ ತನ್ನ ನೀರನ್ನೆಲ್ಲ ನಮ್ಮ ಕಡೆ ಸುರಿದು, ಚೆನ್ನೈಗೆ ಬರುವಾಗ ಬಡವಾಗಿರುತ್ತದೆ. ಅಕ್ಟೋಬರ್‌ನಲ್ಲಿ ಗಾಳಿ ದಿಕ್ಕು ಬದಲಿಸಿ ಬಂಗಾಳ ಕೊಲ್ಲಿಯ ತೇವವನ್ನು ಹೊತ್ತು ತರುತ್ತದೆ. ವರ್ಷಕ್ಕೆ ಸುಮಾರು 1,400 ಮಿ.ಮೀ. ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಮೂರು ತಿಂಗಳಲ್ಲೇ, ಅದೂ ಕೆಲವೇ ದಿನಗಳಲ್ಲಿ.

ಮೂರು ತಿಂಗಳ ಜಮಾ, ಹನ್ನೆರಡು ತಿಂಗಳ ಖರ್ಚು! ಹಾಗಾಗಿಯೇ ಹಿಂದಿನವರು ಊರ ತುಂಬ ಕೆರೆ ಕಟ್ಟಿದ್ದರು. ನಗರ ಬೆಳೆದಂತೆ ಅವು ಹೋದವು. 1920ರ ದಶಕದಲ್ಲಿ ಮಾಂಬಲಂ ಕೆರೆಯನ್ನು ಬತ್ತಿಸಿ ತ್ಯಾಗರಾಯನಗರ ಮಾಡಿದರು. ಇವತ್ತು ಜನ ರೇಷ್ಮೆಸೀರೆ ಕೊಳ್ಳಲು ಮುಗಿಬೀಳುವ ಟಿ. ನಗರ ಅದೇ. ನುಂಗಂಬಾಕ್ಕಂ ಕೆರೆಯ ಜಾಗದಲ್ಲಿ 1976ರಲ್ಲಿ ವಳ್ಳುವರ್ ಕೋಟ್ಟಂ ತೆರೆಯಿತು.

ಕೈತೋಟ ಮಾಡುವವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಐಪ್ಪಸಿಯಲ್ಲಿ ಕುಂಡದ ತೂತು ಕಟ್ಟಿದ್ದರೆ ಗಿಡದ ಬೇರು ಕೊಳೆಯುತ್ತದೆ. ಮೇ ತಿಂಗಳಲ್ಲಿ ಅದೇ ಗಿಡಕ್ಕೆ ಒಂದು ಚೊಂಬು ನೀರು ಹಾಕಲೂ ಯೋಚನೆ ಮಾಡಬೇಕು. "ಎಳೇ ಸಸಿ ಈಗ ನೆಡಬೇಡಿ, ಮಳೆ ಹೊಡೆತಕ್ಕೆ ನಿಲ್ಲೋದಿಲ್ಲ. ಆಡಿ ತಿಂಗಳಲ್ಲೇ ಬಿತ್ತಬೇಕು" ಅಂತ ಪಕ್ಕದ ಮನೆ ಮಾಮಿ ಹೇಳುತ್ತಿದ್ದರು. ಆಡಿ ಅಂದರೆ ಜುಲೈ-ಆಗಸ್ಟ್. ಮಳೆ ಬರುವ ಮುಂಚೆ ಬೇರು ಗಟ್ಟಿಯಾಗಿರಬೇಕು ಅನ್ನುವುದು ಅವರ ಲೆಕ್ಕ.

2003ರಲ್ಲಿ ತಮಿಳುನಾಡು ಸರ್ಕಾರ ಎಲ್ಲ ಕಟ್ಟಡಗಳಿಗೂ ಮಳೆನೀರು ಇಂಗಿಸುವುದನ್ನು ಕಡ್ಡಾಯ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಮನೆಯ ಇಂಗುಗುಂಡಿ ಕೆರೆಯ ಸಮ ಆಗುತ್ತದೆಯೇ? 2015ರ ಡಿಸೆಂಬರ್‌ನಲ್ಲಿ ನಗರ ಮುಳುಗಿತು. 2019ರ ಜುಲೈನಲ್ಲಿ ಅದೇ ನಗರಕ್ಕೆ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ನಡುವೆ ನಾಲ್ಕು ವರ್ಷವೂ ಇರಲಿಲ್ಲ.

ಬೆಂಗಳೂರಿನಲ್ಲೂ ಕೆರೆ ಮುಚ್ಚಿ ಬಸ್ ನಿಲ್ದಾಣ, ಬಡಾವಣೆ ಮಾಡಿದ್ದೇವೆ. ಆಕಾಶ ಜಮಾ ಮಾಡುವುದನ್ನು ನಿಲ್ಲಿಸಿಲ್ಲ. ಖಾತೆ ಮುಚ್ಚಿದವರು ನಾವೇ.