ತೂಬಿನ ಆಳ, ಮೀನಿನ ಹಾದಿ

ಅಣೆಕಟ್ಟು ವಲಸೆ ಮೀನಿಗೆ ಒಡ್ಡುವ ಅಡ್ಡಿಯೆಂದರೆ ದಾರಿಯಲ್ಲಿ ನಿಂತ ಗೋಡೆ ಮಾತ್ರ ಎಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಬಹುಭಾಗ ಬೇರೂರಿತ್ತು. ಗೋಡೆಯ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರಿಳಿಸಿ ಮೀನನ್ನು ಮೇಲೆ ಹತ್ತಿಸುವ ಮೀನೇಣಿಯನ್ನೇ ಅದಕ್ಕೆ ಪರಿಹಾರವೆಂದು ಎಂಜಿನಿಯರುಗಳು ನಂಬಿದ್ದರು. ಮೀನಿನ ಉಸಿರಾಟ, ಬೆಳವಣಿಗೆ, ಮೊಟ್ಟೆಯೊಡೆಯುವ ದಿನ ಇವೆಲ್ಲ ನೀರಿನ ತಾಪಕ್ಕೆ ಕಟ್ಟುಬಿದ್ದಿವೆ ಎಂಬುದು ಗೊತ್ತಿದ್ದರೂ, ಅಣೆಕಟ್ಟು ಆ ತಾಪವನ್ನೇ ಬದಲಿಸುತ್ತದೆ ಎಂಬುದರತ್ತ ಗಮನ ಹರಿದದ್ದು ತಡವಾಗಿ.

ಆಳವಾದ ಜಲಾಶಯದಲ್ಲಿ ಬೇಸಿಗೆಯ ಬಿಸಿನೀರು ಹಗುರಾಗಿ ಮೇಲೆ ನಿಂತು ತಣ್ಣೀರು ತಳದಲ್ಲಿ ಉಳಿಯುವುದನ್ನು ಉಷ್ಣಸ್ತರೀಕರಣ ಎನ್ನುತ್ತಾರೆ. ಹೀಗಾಗಿ ಕೆಳಗಿನ ನದಿ ತಂಪೋ ಬಿಸಿಯೋ ಎಂಬುದು ತೂಬು ಯಾವ ಮಟ್ಟದಲ್ಲಿದೆ ಎಂಬುದನ್ನು ಅವಲಂಬಿಸುತ್ತದೆ. ಅಮೆರಿಕದ ಕೊಲೊರಾಡೊ ನದಿಯು ಚಳಿಗಾಲದಲ್ಲಿ ಸೊನ್ನೆಯ ಸಮೀಪಕ್ಕಿಳಿದು ಬೇಸಿಗೆಯಲ್ಲಿ 25 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೀರು ತಡೆದ ಮೇಲೆ, ಜಲಾಶಯ ತುಂಬುತ್ತ ಬಂದಂತೆ, ಅದರ ಕೆಳಗೆ ವರ್ಷವಿಡೀ 10 ಡಿಗ್ರಿಯ ಆಸುಪಾಸಿನ ನೀರು ಹರಿಯತೊಡಗಿತು. 1983ರಲ್ಲಿ ಜೇಮ್ಸ್ ವಾರ್ಡ್ ಮತ್ತು ಜಾಕ್ ಸ್ಟ್ಯಾನ್‌ಫರ್ಡ್ ಅಣೆಕಟ್ಟುಗಳನ್ನು ನದಿಯ ಸಹಜ ಕ್ರಮದಲ್ಲಿ ಬಿದ್ದ ಸರಣಿ ಕಡಿತಗಳೆಂದು ವಿವರಿಸಿ, ನದಿ ತನ್ನ ಮೂಲಗುಣಕ್ಕೆ ಮರಳಲು ಎಷ್ಟು ದೂರ ಹರಿಯಬೇಕೆಂಬ ಪ್ರಶ್ನೆಗೆ ಒಂದು ಸೈದ್ಧಾಂತಿಕ ಚೌಕಟ್ಟು ಒದಗಿಸಿದರು.

ಕೆಡುಕು ತಂಪಿನಿಂದಷ್ಟೇ ಬರುವುದಿಲ್ಲವೆಂಬುದನ್ನು ಉತ್ತರ ಅಮೆರಿಕದ ಕೊಲಂಬಿಯಾ ನದಿ ಮತ್ತು ಅದರ ಉಪನದಿ ಸ್ನೇಕ್ ತೋರಿಸಿಕೊಟ್ಟವು. ಅಲ್ಲಿನ ಮೀನೇಣಿಗೆ ಜಲಾಶಯದ ಮೇಲ್ಪದರದ ಬಿಸಿನೀರನ್ನೇ ಹಾಯಿಸುತ್ತಿದ್ದುದರಿಂದ ಏಣಿಯ ಬುಡ ತಂಪಾಗಿ ತುದಿ ಬೆಚ್ಚಗಿರುತ್ತಿತ್ತು, ಅರ್ಧ ಹತ್ತಿದ ಸಾಲ್ಮನ್ ಹಿಂದಿರುಗುತ್ತಿತ್ತು. ಗೋಡೆ ದಾಟಿಸಲೆಂದು ಕಟ್ಟಿದ್ದೇ ಎರಡನೆಯ ಗೋಡೆಯಾಯಿತು. 2015ರ ಬಿಸಿ ಬೇಸಿಗೆಯಲ್ಲಿ ಕೊಲಂಬಿಯಾ ವ್ಯವಸ್ಥೆಯಲ್ಲಿ ಸುಮಾರು ಎರಡೂವರೆ ಲಕ್ಷ ಸಾಕೈ ಸಾಲ್ಮನ್‌ಗಳು ಸತ್ತವು. ಚೀನಾದ ಯಾಂಗ್‌ಟ್ಸಿಯಲ್ಲಿ ತೊಡಕು ಕಾಲದ್ದು: ತ್ರೀ ಗಾರ್ಜಸ್ ಜಲಾಶಯ ಬೇಸಿಗೆಯ ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ ಶರತ್ಕಾಲದಲ್ಲಿ ನದಿ ತಣಿಯುವುದು ತಡವಾಗಿ, ಆಗಲೇ ಮೊಟ್ಟೆಯಿಡುವ ಚೀನೀ ಸ್ಟರ್ಜನ್ನಿನ ಪಂಚಾಂಗ ತಪ್ಪಿತು.

ಈ ಕ್ಷೇತ್ರದ ಅತ್ಯಂತ ಬೋಧಪ್ರದ ಪ್ರಕರಣ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯದು. 1945ರಲ್ಲಿ ಮುಗಿದ ಶಾಸ್ತಾ ಅಣೆಕಟ್ಟು ಚಿನೂಕ್ ಸಾಲ್ಮನ್ನಿನ ಚಳಿಗಾಲದ ತಳಿಯನ್ನು ಅದರ ತಂಪು ಊಟೆಗಳಿಂದ ದೂರವಿಟ್ಟಿತು. ಬಳಿಕ, ಯಾರೂ ಯೋಜಿಸದಿದ್ದರೂ, ತಳದ ತಣ್ಣೀರು ಬಿಟ್ಟು ಆ ತಳಿಯನ್ನು ಉಳಿಸಿತು. ತಳತೂಬಿನ ನೀರು ಟರ್ಬೈನಿಗೆ ಸಿಗದೆ ವಿದ್ಯುತ್ ನಷ್ಟವಾಗುತ್ತಿದ್ದುದರಿಂದ, ಹಲವು ಮಟ್ಟಗಳಲ್ಲಿ ಬಾಗಿಲುಗಳಿದ್ದು ಬೇಕಾದ ಆಳದ ನೀರನ್ನು ಸೆಳೆದುಕೊಳ್ಳುವ ಉಕ್ಕಿನ ರಚನೆಯೊಂದನ್ನು 1997ರಲ್ಲಿ ಗೋಡೆಗೆ ಜೋಡಿಸಲಾಯಿತು. ಆದರೆ 2014 ಮತ್ತು 2015ರ ಬರದಲ್ಲಿ ಜಲಾಶಯದ ತಣ್ಣೀರೇ ಸಾಲದಾಗಿ ಮೊಟ್ಟೆ–ಮರಿಗಳಲ್ಲಿ ಶೇ. 95ರಷ್ಟು ನಾಶವಾದವು.

ಮೊಟ್ಟೆ ತಾಳಬಲ್ಲ ತಾಪಕ್ಕೆ ಪ್ರಯೋಗಾಲಯದಲ್ಲಿ ಕಂಡ ಮಿತಿಯಂತೆ ಅಷ್ಟು ಸಾವು ಸಂಭವಿಸಬಾರದಿತ್ತು. 2017ರಲ್ಲಿ ಬೆಂಜಮಿನ್ ಮಾರ್ಟಿನ್ ಮತ್ತು ಸಂಗಡಿಗರು ಕಾರಣವನ್ನು ನದಿತಳದ ಜಲ್ಲಿಯಲ್ಲಿ ಕಂಡರು: ಕಲ್ಲುಗಳ ಸಂದಿನಲ್ಲಿ ಹೂತ ಮೊಟ್ಟೆಯ ಸುತ್ತ ನೀರು ನಿಧಾನವಾಗಿ ಜಿನುಗುತ್ತದೆ, ತಾಪ ಏರಿದಂತೆ ಭ್ರೂಣ ಬಯಸುವ ಆಮ್ಲಜನಕ ಹೆಚ್ಚುತ್ತದೆ, ಜಿನುಗು ಅದನ್ನು ಪೂರೈಸಲಾರದು, ಹೀಗಾಗಿ ಪ್ರಯೋಗಾಲಯದ ತೊಟ್ಟಿಗಿಂತ ನದಿಯಲ್ಲಿ ಮೊಟ್ಟೆಯ ಸಹನೆ ಸುಮಾರು 3 ಡಿಗ್ರಿ ಕಡಿಮೆ. ಶಾಸ್ತಾದ ಕೆಳಗಿನ ನದಿನೀರಿಗೆ 13.3 ಡಿಗ್ರಿಯಿದ್ದ ಹಳೆಯ ತಾಪದ ಗುರಿ ಆಮೇಲೆ 12ರ ಸಮೀಪಕ್ಕಿಳಿದದ್ದು ಇಂಥ ಅರಿವಿನಿಂದಲೇ. ಆದರೆ ಗುರಿ ಇಳಿದಷ್ಟೂ ತಣ್ಣೀರಿನ ದಾಸ್ತಾನು ಬೇಗ ಮುಗಿಯುವುದರಿಂದ, ಆಗಸ್ಟಿನ ಮೊಟ್ಟೆಗೆ ಎಷ್ಟು, ಅಕ್ಟೋಬರಿನ ಮೊಟ್ಟೆಗೆ ಎಷ್ಟು ಎಂದು ಪ್ರತಿ ವಸಂತದಲ್ಲಿಯೂ ಲೆಕ್ಕ ಹಾಕಬೇಕಾಗಿದೆ.